ಮನೆಯೊಳಗೊಂದು ಕಚೇರಿ

ದುಡಿಯುವ ಸ್ಥಳ ಬೇರೆ, ವಾಸಿಸುವ ಸ್ಥಳ ಬೇರೆ ಎಂಬ ಕಲ್ಪನೆ ನಮ್ಮ ನಾಡಿನಲ್ಲಿ ಅಷ್ಟೇನೂ ಹಳೆಯದಲ್ಲ. ನೇಕಾರನ ಮಗ್ಗ ಅವನ ಮನೆಯ ಪಡಸಾಲೆಯಲ್ಲಿಯೇ ಇರುತ್ತಿತ್ತು. ಕುಂಬಾರನ ತಿಗರಿ ಅಂಗಳದಲ್ಲಿ ತಿರುಗುತ್ತಿತ್ತು. ವರ್ತಕನು ಬೀದಿಯ ಕಡೆಗೆ ತೆರೆದ ಜಗಲಿಯ ಮೇಲೆ ತಕ್ಕಡಿಯನ್ನು ಇಟ್ಟುಕೊಂಡು ಕುಳಿತಿರುತ್ತಿದ್ದನು. ಜಗಲಿಯ ಹಿಂದಿನ ಬಾಗಿಲನ್ನು ದಾಟಿದರೆ ಅವನ ಸಂಸಾರ. ತುಮಕೂರು ಸೀಮೆಯ ಪೇಟೆಗಳು ಬೆಳೆದುದೂ ಹೀಗೆಯೇ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿಯು ಗುಬ್ಬಿಯನ್ನು ವ್ಯಾಪಾರದ ಒಂದು ಮುಖ್ಯ ಸ್ಥಳವೆಂದು ಗುರುತಿಸಿದ್ದಾನೆ. ಅಡಿಕೆ, ಕೊಬ್ಬರಿ ಮೊದಲಾದ ಸರಕುಗಳು ಅಲ್ಲಿಗೆ ಬಂದು ಕೈ ಬದಲಾಯಿಸಿ ದೂರದ ಊರುಗಳಿಗೆ ಹೋಗುತ್ತಿದ್ದವು.

ಇಂಥ ವ್ಯಾಪಾರವು ಕೇವಲ ನೆನಪಿನ ಬಲದಿಂದ ನಡೆಯಲಾರದು. ಆಗಿನ ವರ್ತಕರೂ ಶಾನುಭೋಗರೂ ತಮ್ಮ ಲೆಕ್ಕಗಳನ್ನು ‘ಕಡತ’ದಲ್ಲಿ ಬರೆದಿಡುತ್ತಿದ್ದರು. ಉದ್ದನೆಯ ಬಟ್ಟೆಯೊಂದಕ್ಕೆ ಹುಣಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬೆರೆಸಿ ಬಳಿಯುವರು. ಅದು ಒಣಗಿ ಹಲಗೆಯಂತೆ ಗಟ್ಟಿಯಾದ ಮೇಲೆ ಮಡಿಕೆಮಡಿಕೆಯಾಗಿ ಮಡಚಿ ಪುಸ್ತಕದಂತೆ ಮಾಡಿಕೊಳ್ಳುವರು. ಆ ಕಪ್ಪು ಹಾಳೆಗಳ ಮೇಲೆ ಬಿಳಿಯ ಬಳಪದಿಂದ ಬರೆಯುವರು. ಬರೆದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು; ಒರೆಸದೆ ಜೋಪಾನ ಮಾಡಿದರೆ ನೂರಾರು ವರ್ಷ ಉಳಿಯುತ್ತಿತ್ತು. ಶೃಂಗೇರಿ ಮಠದಲ್ಲಿ ಉಳಿದು ಬಂದ ಕಡತಗಳಿಂದ ಇತಿಹಾಸಕಾರರು ಹಿಂದಿನ ಕಾಲದ ಆದಾಯ, ವೆಚ್ಚ, ದಾನದತ್ತಿಗಳ ವಿವರಗಳನ್ನು ಅರಿತಿದ್ದಾರೆ. ಬಟ್ಟೆಯ ಕಡತ ಇಂದು ಬಳಕೆಯಲ್ಲಿಲ್ಲ. ಆದರೆ ಅದರ ಹೆಸರು ಅಳಿದಿಲ್ಲ. ಸರ್ಕಾರದ ಕಚೇರಿಗಳಲ್ಲಿ ಕಾಗದಪತ್ರಗಳ ಕಟ್ಟಿಗೆ ಈಗಲೂ ಕಡತವೆಂದೇ ಹೆಸರು.

ಜಗಲಿಯ ವ್ಯಾಪಾರ ಕಾಣೆಯಾದಂತೆ ತೋರಿದರೂ ಮನೆಯಲ್ಲಿ ನಡೆಯುವ ಉದ್ಯಮಗಳು ಕಡಮೆಯಾಗಿಲ್ಲ. ಮೂರು ಮನೆಗಳನ್ನು ಊಹಿಸಿಕೊಳ್ಳಬಹುದು. ಮೊದಲನೆಯದು ಗುಬ್ಬಿಯಲ್ಲಿದೆ. ಆ ಕುಟುಂಬದವರು ತೋಟಗಳಿಂದ ಅಡಿಕೆ ಹಾಳೆಯನ್ನು ಕೊಂಡು ತಂದು, ನೆನೆಸಿ, ಯಂತ್ರದಲ್ಲಿ ಒತ್ತಿ ಊಟದ ತಟ್ಟೆಗಳನ್ನು ಮಾಡುತ್ತಾರೆ. ಎರಡನೆಯದು ಕುಣಿಗಲ್ಲಿನಲ್ಲಿದೆ. ಅಲ್ಲಿಯ ಯಜಮಾನನು ರೈತರ ಪಂಪುಸೆಟ್ಟುಗಳ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ದುರಸ್ತಿ ಮಾಡಿ ಕೊಡುತ್ತಾನೆ. ಮೂರನೆಯದು ತುಮಕೂರು ನಗರದಲ್ಲಿದೆ. ಅತ್ತೆ ಸೊಸೆಯರು ಸೇರಿ ಚಟ್ನಿಪುಡಿ, ಸಾರಿನಪುಡಿಗಳನ್ನು ಮಾಡಿ ಪೊಟ್ಟಣ ಕಟ್ಟಿ, ಊರಿನಲ್ಲಿ ಮಾರುವುದಲ್ಲದೆ ಪುಣೆ, ಹೈದರಾಬಾದುಗಳಲ್ಲಿರುವ ಕನ್ನಡಿಗರಿಗೂ ಕಳುಹಿಸಿಕೊಡುತ್ತಾರೆ. ಈ ಮೂರು ಮನೆಗಳಲ್ಲಿಯೂ ದುಡಿಯುವ ಕೈಗಳಿವೆ, ಕೊಳ್ಳುವ ಜನರಿದ್ದಾರೆ. ಇವುಗಳ ಜೊತೆಗೆ ಇರಬೇಕಾದ ಇನ್ನೊಂದು ವಸ್ತುವೆಂದರೆ ಕಚೇರಿ.

ಕಚೇರಿ ಎಂದೊಡನೆ ಗಾಜಿನ ಬಾಗಿಲು, ತಿರುಗುವ ಕುರ್ಚಿಗಳನ್ನು ನೆನೆಯಬೇಕಾಗಿಲ್ಲ. ಒಂದು ಮೇಜು, ಬೆಳಕು, ಬೀಗವಿರುವ ಒಂದು ಬೀರು, ಮೂರು ಪುಸ್ತಕಗಳು, ಇಷ್ಟಿದ್ದರೆ ಸಾಕು. ಆದರೆ ಆ ಮೂಲೆಯನ್ನು ಮನೆಯ ಬೇರೆ ಕೆಲಸಗಳಿಗೆ ಬಳಸಬಾರದು. ಬೀಗದ ಕೈ ಒಬ್ಬರ ಬಳಿಯಲ್ಲಿಯೇ ಇರಬೇಕು. ಮನೆಯ ವಿಳಾಸವನ್ನೇ ವ್ಯವಹಾರದ ಸ್ಥಳವೆಂದು ತೆರಿಗೆ ಇಲಾಖೆಯಲ್ಲಿ ನಮೂದಿಸಲು ಅವಕಾಶವಿದೆ. ಸ್ವಂತ ಮನೆಯಾದರೆ ಕಂದಾಯದ ರಸೀತಿ ಅಥವಾ ವಿದ್ಯುತ್ ಬಿಲ್ಲು, ಬಾಡಿಗೆಯ ಮನೆಯಾದರೆ ಕರಾರು ಪತ್ರ, ತಂದೆಯ ಅಥವಾ ಬೇರೆಯವರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆಯ ಪತ್ರ, ಇವು ಅದಕ್ಕೆ ಬೇಕಾದ ದಾಖಲೆಗಳು.

ಹಳೆಯ ಮನೆಗಳನ್ನು ಅಂಕಣಗಳಲ್ಲಿ ಅಳೆಯುವ ಪದ್ಧತಿಯಿದೆ. ಹತ್ತು ಅಂಕಣದ ಬಾಡಿಗೆ ಮನೆಯಲ್ಲಿ ಎರಡು ಅಂಕಣವನ್ನು ಉದ್ಯಮಕ್ಕಾಗಿಯೇ ಬಿಟ್ಟಿದ್ದರೆ ಬಾಡಿಗೆಯ ಐದನೆಯ ಒಂದು ಪಾಲು ಉದ್ಯಮದ ವೆಚ್ಚ. ತಿಂಗಳಿಗೆ 6,000 ರೂಪಾಯಿ ಬಾಡಿಗೆಯಾದರೆ 1,200 ರೂಪಾಯಿಯನ್ನು ಉದ್ಯಮದ ಲೆಕ್ಕಕ್ಕೂ ಉಳಿದ 4,800 ರೂಪಾಯಿಯನ್ನು ಸಂಸಾರದ ಲೆಕ್ಕಕ್ಕೂ ಬರೆಯಬೇಕು. ಇಡೀ ಬಾಡಿಗೆಯನ್ನು ಉದ್ಯಮದ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ತನ್ನ ಸ್ವಂತ ಮನೆಗೆ ತಾನೇ ಬಾಡಿಗೆ ಕೊಟ್ಟಂತೆ ಬರೆಯುವುದಕ್ಕೂ ಅವಕಾಶವಿಲ್ಲ. ವಿದ್ಯುತ್ತಿನ ವಿಷಯದಲ್ಲಿಯೂ ಎಚ್ಚರಬೇಕು. ತಟ್ಟೆ ಒತ್ತುವ ಯಂತ್ರವನ್ನು ಗೃಹಬಳಕೆಯ ಮೀಟರಿಗೆ ಜೋಡಿಸದೆ, ಅದಕ್ಕೆ ಬೆಸ್ಕಾಂನಿಂದ ಬೇರೆ ಸಂಪರ್ಕವನ್ನು ಪಡೆಯಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ತು ಮನೆಯ ದೀಪಕ್ಕಾಗಿಯೇ ಹೊರತು ಉದ್ಯಮದ ಯಂತ್ರಕ್ಕಲ್ಲ.

ಜಾಗವನ್ನು ವಿಂಗಡಿಸಿದ ಮೇಲೆ ಹಣವನ್ನು ವಿಂಗಡಿಸಬೇಕು. ಇದೇ ಕಚೇರಿಯ ಜೀವಾಳ. ಸಂಸಾರದ ಹಣವೂ ಉದ್ಯಮದ ಹಣವೂ ಒಂದೇ ಡಬ್ಬಿಯಲ್ಲಿ ಬೆರೆತರೆ ಲಾಭವೆಷ್ಟು, ನಷ್ಟವೆಷ್ಟು ಎಂಬುದು ಯಾರಿಗೂ ತಿಳಿಯುವುದಿಲ್ಲ. ಬಂದ ಹಣವೆಲ್ಲ ಲಾಭವೆಂಬ ಭ್ರಮೆಯುಂಟಾಗಿ, ಹಾಳೆ ಕೊಳ್ಳಲು ಇಟ್ಟ ದುಡ್ಡು ಹಬ್ಬದ ಬಟ್ಟೆಗೆ ಹೋಗುತ್ತದೆ. ಆದುದರಿಂದ ಉದ್ಯಮಕ್ಕೆ ಬೇರೆ ಗಲ್ಲಾಪೆಟ್ಟಿಗೆ ಇರಬೇಕು, ಬ್ಯಾಂಕಿನಲ್ಲಿ ಬೇರೆ ಖಾತೆ ಇರಬೇಕು. ಮನೆಗೆ ಹಣ ಬೇಕಾದಾಗ ಪೆಟ್ಟಿಗೆಯಿಂದ ತೆಗೆಯಬಾರದೆಂದಲ್ಲ. ತೆಗೆದುದನ್ನು ‘ಮನೆಖರ್ಚಿಗೆ’ ಎಂದು ಬರೆದು ತೆಗೆಯಬೇಕು.

ಹೀಗೆ ಬರೆಯುವ ಪುಸ್ತಕಕ್ಕೆ ‘ಕಿರ್ದಿ’ ಎಂದು ಹೆಸರು. ದಿನದ ಆರಂಭದಲ್ಲಿದ್ದ ನಗದು, ಆ ದಿನ ಬಂದ ಹಣ, ಹೋದ ಹಣ, ದಿನದ ಕೊನೆಯ ಶಿಲ್ಕು, ಇವು ಅದರಲ್ಲಿರಬೇಕು. ಗುಬ್ಬಿಯ ಮನೆಯ ಒಂದು ದಿನದ ಕಿರ್ದಿಯನ್ನು ನೋಡಬಹುದು. ಬೆಳಗ್ಗೆ ಪೆಟ್ಟಿಗೆಯಲ್ಲಿ 1,240 ರೂಪಾಯಿ ಇತ್ತು. ಮುನ್ನೂರು ತಟ್ಟೆಗಳನ್ನು ತಟ್ಟೆಗೆ ಮೂರು ರೂಪಾಯಿಯಂತೆ ನಗದಿಗೆ ಮಾರಿ 900 ರೂಪಾಯಿ ಬಂದಿತು. ಹಾಳೆ ತಂದವನಿಗೆ 600, ಆಟೋ ಬಾಡಿಗೆಗೆ 150, ಮನೆಖರ್ಚಿಗೆ 300 ರೂಪಾಯಿ ಹೋಯಿತು. ಸಂಜೆ ಉಳಿಯಬೇಕಾದದ್ದು 1,090 ರೂಪಾಯಿ. ಎಣಿಸಿ ನೋಡಿದರೆ ಪೆಟ್ಟಿಗೆಯಲ್ಲಿ ಇರುವುದು 1,040 ಮಾತ್ರ. “ಐವತ್ತು ರೂಪಾಯಿ ಎಲ್ಲಿ ಹೋಯಿತಪ್ಪಾ?” ಎಂದು ತಾಯಿ ಕೇಳುತ್ತಾಳೆ. “ನೋಟ್‌ಬುಕ್ಕಿಗೆ ಅಂತ ತೆಗೆದುಕೊಂಡೆ, ಅಮ್ಮಾ. ಹೇಳೋದು ಮರೆತೆ” ಎನ್ನುತ್ತಾನೆ ಮಗ. ಆ ಐವತ್ತನ್ನೂ ಮನೆಖರ್ಚಿಗೆ ಸೇರಿಸಿ ಬರೆದೊಡನೆ ಲೆಕ್ಕ ಸರಿಹೋಗುತ್ತದೆ. ಅಂದಿನ ತಪ್ಪು ಅಂದೇ ಸಿಕ್ಕಿತು. ಒಂದು ತಿಂಗಳು ಕಳೆದಿದ್ದರೆ ಆ ಐವತ್ತು ರೂಪಾಯಿ ಮನೆಯವರಲ್ಲಿ ಒಬ್ಬರ ಮೇಲೊಬ್ಬರಿಗೆ ಅನುಮಾನವಾಗಿ ಉಳಿಯುತ್ತಿತ್ತು.

ಅದೇ ದಿನ ಕಲ್ಯಾಣಮಂಟಪದವರು ಐನೂರು ತಟ್ಟೆ ಕೊಂಡು 1,500 ರೂಪಾಯಿಯನ್ನು ಮೊಬೈಲಿನಿಂದ ಬ್ಯಾಂಕಿನ ಖಾತೆಗೆ ಹಾಕಿದರು. ಅದು ಪೆಟ್ಟಿಗೆಗೆ ಬರುವುದಿಲ್ಲ. ಬ್ಯಾಂಕಿನ ಪುಟದಲ್ಲಿ ಬರೆಯಬೇಕಾದದ್ದು. ಕಿರ್ದಿಯ ಜೊತೆಗೆ ಇನ್ನೆರಡು ಪುಸ್ತಕಗಳಿರಬೇಕು. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ಹೆಸರುವಾರಾಗಿ ತೋರಿಸುವುದು ಖಾತೆಪುಸ್ತಕ. ಎಷ್ಟು ಹಾಳೆ ಬಂದಿತು, ಎಷ್ಟು ತಟ್ಟೆಯಾಯಿತು, ಎಷ್ಟು ಮಾರಾಟವಾಯಿತು ಎಂಬುದನ್ನು ತೋರಿಸುವುದು ಸರಕಿನ ಪುಸ್ತಕ. ಮಾರಾಟಕ್ಕೆ ಕೊಡುವ ಬಿಲ್ಲುಗಳಿಗೆ ಕ್ರಮಸಂಖ್ಯೆಯಿರಬೇಕು. ನಡುವೆ ಒಂದು ಸಂಖ್ಯೆಯೂ ತಪ್ಪಬಾರದು. ಪ್ರತಿಯೊಂದರ ನಕಲು ಮನೆಯಲ್ಲಿ ಉಳಿಯಬೇಕು. ಕೊಂಡ ಸರಕಿನ ಬಿಲ್ಲುಗಳನ್ನು ತಿಂಗಳಿಗೊಂದರಂತೆ ಹನ್ನೆರಡು ಲಕೋಟೆಗಳಲ್ಲಿ ಇಟ್ಟರೆ ವರ್ಷದ ಕೊನೆಯಲ್ಲಿ ಹುಡುಕಾಟವಿರುವುದಿಲ್ಲ. ಆರ್ಥಿಕ ವರ್ಷವು ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ನಡೆಯುವುದರಿಂದ ಲಕೋಟೆಗಳೂ ಏಪ್ರಿಲ್ಲಿನಿಂದಲೇ ಆರಂಭವಾಗಬೇಕು. ಗಣಕಯಂತ್ರದಲ್ಲಿ ಲೆಕ್ಕವಿಡುವವರೂ ಇದ್ದಾರೆ. ಸಾಧನ ಬೇರೆಯಾದರೂ ನಿಯಮ ಒಂದೇ.

ಲೆಕ್ಕ ಸಿದ್ಧವಾದ ಮೇಲೆ ತೆರಿಗೆಯ ಪ್ರಶ್ನೆ ಬರುತ್ತದೆ. ಭಾರತದಲ್ಲಿ ಸರಕು ಮತ್ತು ಸೇವಾ ತೆರಿಗೆಯು, ಎಂದರೆ ಜಿಎಸ್‌ಟಿಯು, 2017ರ ಜುಲೈ 1ರಂದು ಜಾರಿಗೆ ಬಂದಿತು. ಕರ್ನಾಟಕದಲ್ಲಿ ಸರಕುಗಳನ್ನು ಮಾತ್ರ ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿಯನ್ನೂ, ಸೇವೆ ಒದಗಿಸುವವರ ವಹಿವಾಟು 20 ಲಕ್ಷ ರೂಪಾಯಿಯನ್ನೂ ಮೀರಿದರೆ ನೋಂದಣಿ ಮಾಡಿಸಬೇಕು. ಇಲ್ಲಿ ವಹಿವಾಟೆಂದರೆ ಒಟ್ಟು ಮಾರಾಟ, ಲಾಭವಲ್ಲ. ನೋಂದಣಿಯಾದವರು ಪ್ರಮಾಣಪತ್ರವನ್ನು ವ್ಯವಹಾರದ ಸ್ಥಳದಲ್ಲಿ ಕಾಣುವಂತೆ ಹಾಕಬೇಕು. ಹೆಸರಿನ ಫಲಕದ ಮೇಲೆ ನೋಂದಣಿ ಸಂಖ್ಯೆಯನ್ನು ಬರೆಸಬೇಕು. ವಾರ್ಷಿಕ ಲೆಕ್ಕಪತ್ರ ಸಲ್ಲಿಸುವ ಕೊನೆಯ ದಿನದಿಂದ ಎಪ್ಪತ್ತೆರಡು ತಿಂಗಳುಗಳವರೆಗೆ ಪುಸ್ತಕಗಳನ್ನು ಕಾಪಾಡಬೇಕು.

ಈ ನಿಯಮವು ಮೂರು ಮನೆಗಳಿಗೂ ಒಂದೇ ಬಗೆಯಾಗಿ ಅನ್ವಯಿಸುವುದಿಲ್ಲ. ಎಲೆ, ಹಾಳೆಗಳಿಂದ ಮಾಡಿದ ತಟ್ಟೆಗಳಿಗೆ 2019ರ ಅಕ್ಟೋಬರ್ 1ರಿಂದ ಜಿಎಸ್‌ಟಿ ಇಲ್ಲ. ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವರಿಗೆ ವಹಿವಾಟು ಎಷ್ಟಿದ್ದರೂ ನೋಂದಣಿಯ ಕಡ್ಡಾಯವಿಲ್ಲ. ಆದುದರಿಂದ ಗುಬ್ಬಿಯ ಮನೆಯವರಿಗೆ ಆ ಹೊರೆಯಿಲ್ಲ. ಆದರೆ ತಾವು ಮಾರಿದ್ದು ತಟ್ಟೆಯನ್ನೇ ಎಂದು ತೋರಿಸಬಲ್ಲ ಪುಸ್ತಕ ಬೇಕು. ಕುಣಿಗಲ್ಲಿನವನು ಮಾಡುವುದು ಮುಖ್ಯವಾಗಿ ಸೇವೆ. ಅವನಿಗೆ 20 ಲಕ್ಷದ ಮಿತಿ. ತುಮಕೂರಿನ ಅತ್ತೆ ಸೊಸೆಯರು ತೆರಿಗೆಯುಳ್ಳ ಸರಕನ್ನು ರಾಜ್ಯದ ಗಡಿಯಾಚೆಗೆ ಮಾರುತ್ತಾರೆ; ಹಾಗೆ ಮಾರುವವರು ವಹಿವಾಟು ಎಷ್ಟೇ ಕಡಮೆಯಿದ್ದರೂ ನೋಂದಣಿ ಮಾಡಿಸಬೇಕು. ಅವರದು ಆಹಾರ ಪದಾರ್ಥವಾದುದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಗಳ ಸಂಖ್ಯೆಯನ್ನೂ ಪೊಟ್ಟಣದ ಮೇಲೆ ಅಚ್ಚು ಮಾಡಿಸಬೇಕು.

ಇದಲ್ಲದೆ ಆದಾಯ ತೆರಿಗೆಯೊಂದಿದೆ. ಇದನ್ನು ಭಾರತದಲ್ಲಿ ಮೊದಲು ವಿಧಿಸಿದ್ದು 1860ರಲ್ಲಿ. ಸಣ್ಣ ಉದ್ಯಮಿಗಳಿಗೆ ಇದರಲ್ಲಿ ಒಂದು ಸುಲಭದ ಹಾದಿಯಿದೆ. ವಹಿವಾಟು 2 ಕೋಟಿ ರೂಪಾಯಿಯೊಳಗೆ ಇರುವವರು ನಗದಾಗಿ ಬಂದ ಹಣದಲ್ಲಿ ನೂರಕ್ಕೆ ಎಂಟರಷ್ಟನ್ನೂ ಬ್ಯಾಂಕಿನ ಮೂಲಕ ಬಂದ ಹಣದಲ್ಲಿ ನೂರಕ್ಕೆ ಆರರಷ್ಟನ್ನೂ ಲಾಭವೆಂದು ಘೋಷಿಸಬಹುದು. ಕುಣಿಗಲ್ಲಿನವನಿಗೆ ವರ್ಷದಲ್ಲಿ 4 ಲಕ್ಷ ರೂಪಾಯಿ ನಗದಾಗಿಯೂ 5 ಲಕ್ಷ ರೂಪಾಯಿ ಬ್ಯಾಂಕಿನ ಮೂಲಕವೂ ಬಂದಿದ್ದರೆ, ಅವನ ಕನಿಷ್ಠ ಲಾಭ 32,000 ಮತ್ತು 30,000 ಸೇರಿ 62,000 ರೂಪಾಯಿ. ನಿಜವಾದ ಲಾಭ ಇದಕ್ಕಿಂತ ಹೆಚ್ಚಾಗಿದ್ದರೆ ಹೆಚ್ಚನ್ನೇ ತೋರಿಸಬೇಕು. ಈ ಹಾದಿಯಲ್ಲಿ ಬಾಡಿಗೆ, ವಿದ್ಯುತ್ತು ಮೊದಲಾದ ವೆಚ್ಚಗಳನ್ನು ಮತ್ತೆ ಕಳೆಯುವಂತಿಲ್ಲ. ಅವೆಲ್ಲ ಕಳೆದ ಮೇಲಿನ ಲಾಭವೆಂದೇ ಅದನ್ನು ಎಣಿಸಲಾಗುತ್ತದೆ. ನಿಜವಾದ ಲಾಭ ಎಷ್ಟೆಂದು ತಿಳಿಯಬೇಕಾದರೂ ಕಿರ್ದಿಯನ್ನೇ ತೆರೆಯಬೇಕಾಗುತ್ತದೆ.

ಲೆಕ್ಕವಿಲ್ಲದಿದ್ದರೆ ಏನಾಗುವುದೆಂಬುದನ್ನು 2025ರ ಜುಲೈ ತಿಂಗಳು ಕರ್ನಾಟಕದ ಜನರಿಗೆ ತೋರಿಸಿಕೊಟ್ಟಿತು. ವಾಣಿಜ್ಯ ತೆರಿಗೆಗಳ ಇಲಾಖೆಯು ಹಿಂದಿನ ನಾಲ್ಕು ವರ್ಷಗಳಲ್ಲಿ ಯುಪಿಐ ಮೂಲಕ ವ್ಯಾಪಾರಿಗಳ ಖಾತೆಗಳಿಗೆ ಬಂದಿದ್ದ ಹಣವನ್ನು ಪರಿಶೀಲಿಸಿತು. ಮಿತಿಯನ್ನು ಮೀರಿದ್ದರೂ ನೋಂದಣಿಯಾಗದವರಿಗೆ ನೋಟೀಸುಗಳನ್ನು ಕಳುಹಿಸಿತು. ಬೇಕರಿಯವರು, ಕಾಂಡಿಮೆಂಟ್ಸ್ ಅಂಗಡಿಯವರು, ತರಕಾರಿ ಮಾರುವವರು ಹೀಗೆ ಅನೇಕ ಸಣ್ಣ ವ್ಯಾಪಾರಿಗಳು ಲಕ್ಷಗಟ್ಟಲೆಯ ಮೊತ್ತವನ್ನು ಓದಿ ಕಂಗೆಟ್ಟರು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಯುಪಿಐ ಚೀಟಿಯನ್ನು ಕಿತ್ತುಹಾಕಿ ‘ನಗದು ಮಾತ್ರ’ ಎಂಬ ಫಲಕ ತೂಗಿತು. ನೋಟೀಸೇ ಅಂತಿಮ ಆದೇಶವಲ್ಲ, ವಿವರಣೆ ಕೊಡಬಹುದು, ತೆರಿಗೆಯಿಲ್ಲದ ಸರಕಿಗೆ ತೆರಿಗೆ ಕೇಳುವುದಿಲ್ಲ ಎಂದು ಇಲಾಖೆ ಸ್ಪಷ್ಟಪಡಿಸಿತು. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳೊಡನೆ ಮಾತನಾಡಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ, ಆದರೆ ನೋಂದಣಿಯಾಗಬೇಕಾದವರು ಆಗಲೇಬೇಕೆಂದೂ ತಿಳಿಸಿದರು.

ಆ ದಿನಗಳಲ್ಲಿ ಕಂಗೆಟ್ಟವರೆಲ್ಲರೂ ತೆರಿಗೆ ತಪ್ಪಿಸಿದವರಲ್ಲ. ಖಾತೆಗೆ ಬಂದ ಹಣದಲ್ಲಿ ಮಾರಾಟದ ಹಣವಿರಬಹುದು. ತಂಗಿಯ ಮದುವೆಗೆ ನೆಂಟರು ಕಳುಹಿಸಿದ ಹಣವೂ ಇರಬಹುದು. ಕೈಸಾಲ ಮರಳಿ ಬಂದದ್ದೂ ಇರಬಹುದು. ಬ್ಯಾಂಕಿನ ಪಟ್ಟಿಯಲ್ಲಿ ಇವೆಲ್ಲ ಒಂದೇ ತೆರನಾದ ಅಂಕಿಗಳು. ಯಾವುದು ಯಾವುದೆಂದು ಹೇಳಬಲ್ಲವನು ಅದನ್ನು ಪಡೆದವನೊಬ್ಬನೇ. ಮೂರು ನಾಲ್ಕು ವರ್ಷಗಳ ಮೇಲೆ ಅವನಿಗೂ ನೆನಪಿರುವುದಿಲ್ಲ. ಸಂಸಾರದ ಖಾತೆಯೂ ಉದ್ಯಮದ ಖಾತೆಯೂ ಬೇರೆಯಾಗಿದ್ದು, ಬಂದ ದಿನವೇ ಒಂದು ಸಾಲು ಬರೆದಿಟ್ಟವನು ಮಾತ್ರ ನಿರ್ಭಯವಾಗಿ ಉತ್ತರ ಕೊಡಬಲ್ಲನು. ಪ್ರಾಮಾಣಿಕನಾಗಿದ್ದರೆ ಸಾಲದು, ಪ್ರಾಮಾಣಿಕತೆಗೆ ಆಧಾರವೂ ಬೇಕು. ದೊಡ್ಡ ಸಂಸ್ಥೆಗಳಿಗೆ ಲೆಕ್ಕಿಗರೂ ವಕೀಲರೂ ಇರುತ್ತಾರೆ. ಸಣ್ಣವನ ಪರವಾಗಿ ಮಾತನಾಡುವುದು ಅವನ ಕಿರ್ದಿಯೊಂದೇ.

ಲೆಕ್ಕದ ಪ್ರಯೋಜನ ಇಷ್ಟಕ್ಕೆ ನಿಲ್ಲುವುದಿಲ್ಲ. ಹೊಸ ಯಂತ್ರಕ್ಕೆ ಬ್ಯಾಂಕಿನಿಂದ ಸಾಲ ಕೇಳಿದಾಗ ಮೊದಲು ನೋಡುವುದು ಹಿಂದಿನ ವರ್ಷಗಳ ಲೆಕ್ಕವನ್ನೇ. ಕೇಂದ್ರ ಸರ್ಕಾರವು 2020ರ ಜುಲೈ 1ರಿಂದ ಸಣ್ಣ ಉದ್ಯಮಗಳಿಗಾಗಿ ‘ಉದ್ಯಮ್’ ಎಂಬ ಉಚಿತ ನೋಂದಣಿಯನ್ನು ತೆರೆದಿದೆ. ಅಲ್ಲಿಯೂ ಬೇಕಾದದ್ದು ಬಂಡವಾಳ ಮತ್ತು ವಹಿವಾಟಿನ ಸರಿಯಾದ ವಿವರ. ಎಲ್ಲಕ್ಕಿಂತ ಮಿಗಿಲಾಗಿ, ತಮ್ಮ ದುಡಿಮೆಯಿಂದ ನಿಜವಾಗಿ ಎಷ್ಟು ಉಳಿಯುತ್ತಿದೆ ಎಂಬುದು ಮನೆಯವರಿಗೇ ತಿಳಿಯುತ್ತದೆ. ತಟ್ಟೆಗೆ ಮೂರು ರೂಪಾಯಿ ಸಾಲದು ಎಂದು ಹೇಳುವ ಧೈರ್ಯ ಆಗ ಬರುತ್ತದೆ.

ದುಡಿಮೆಯ ಲೆಕ್ಕಕ್ಕೂ ನೀತಿಗೂ ಸಂಬಂಧವುಂಟೆಂಬುದು ಕನ್ನಡ ನಾಡಿಗೆ ಹೊಸ ಮಾತಲ್ಲ. ಕಲ್ಯಾಣದ ಶರಣರಲ್ಲಿ ಆಯ್ದಕ್ಕಿ ಮಾರಯ್ಯನು ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅವನ ಮಡದಿ ಲಕ್ಕಮ್ಮನು ಅದನ್ನು ಕಂಡು, ತಮಗೆ ಸಲ್ಲಬೇಕಾದುದಕ್ಕಿಂತ ಹೆಚ್ಚಾದುದನ್ನು ಹಿಂದಕ್ಕೆ ಹಾಕಿ ಬರುವಂತೆ ಹೇಳಿದಳೆಂಬುದು ಪ್ರಸಿದ್ಧವಾದ ಕಥೆ. ಎಷ್ಟು ತಮ್ಮದು, ಎಷ್ಟು ತಮ್ಮದಲ್ಲ ಎಂಬ ಅಳತೆ ಅವಳ ಕಣ್ಣಿನಲ್ಲಿಯೇ ಇತ್ತು. ಅಂಥ ಅಳತೆಯನ್ನು ಎಲ್ಲರಿಗೂ ಸಾಧ್ಯವಾಗಿಸುವುದೇ ಲೆಕ್ಕದ ಪುಸ್ತಕದ ಕೆಲಸ.

ಕಾಯಕದ ಜೊತೆಯಲ್ಲಿ ಶರಣರು ಹೇಳಿದ ಇನ್ನೊಂದು ಮಾತು ದಾಸೋಹ. ಕರ್ನಾಟಕದ ಶಾಲೆಗಳಲ್ಲಿ 2002ರಲ್ಲಿ ಆರಂಭವಾದ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ ಎಂದೇ ಹೆಸರು. ಆ ಊಟದ ಅಕ್ಕಿ, ಬೇಳೆ, ಅಡುಗೆಯವರ ಸಂಬಳ ಎಲ್ಲವೂ ಸರ್ಕಾರದ ಬೊಕ್ಕಸದಿಂದ ಬರುತ್ತವೆ. ಬೊಕ್ಕಸಕ್ಕೆ ಬರುವುದು ಜನರು ಕೊಟ್ಟ ತೆರಿಗೆ. ಹೀಗೆ ತುಮಕೂರಿನ ಒಂದು ಮನೆಯ ಮೂಲೆಯಲ್ಲಿ ರಾತ್ರಿ ಬರೆದ ಒಂದು ಸಾಲು ಲೆಕ್ಕವು, ಯಾವುದೋ ಊರಿನ ಶಾಲೆಯ ಮಗುವಿನ ತಟ್ಟೆಯವರೆಗೆ ಹೋಗಿ ಮುಟ್ಟುತ್ತದೆ.

ಪದಗಳ ಅರ್ಥ

ತಿಗರಿ – ಕುಂಬಾರನ ಚಕ್ರ
ಜಗಲಿ – ಮನೆಯ ಮುಂಭಾಗದ ಎತ್ತರದ ಕಟ್ಟೆ
ಕಡತ – ಲೆಕ್ಕ ಬರೆಯುವ ಬಟ್ಟೆಯ ಪುಸ್ತಕ, ಕಾಗದಪತ್ರಗಳ ಕಟ್ಟು
ಅಂಕಣ – ಕಂಬದಿಂದ ಕಂಬದವರೆಗಿನ ಜಾಗ. ಮನೆಯ ಒಂದು ಅಳತೆ
ಕಿರ್ದಿ – ದಿನದ ಜಮಾಖರ್ಚನ್ನು ಬರೆಯುವ ಪುಸ್ತಕ
ಶಿಲ್ಕು – ಕೈಯಲ್ಲಿ ಉಳಿದ ಹಣ
ಬೊಕ್ಕಸ – ಖಜಾನೆ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಹಿಂದಿನ ವರ್ತಕರು ಲೆಕ್ಕವನ್ನು ಯಾವುದರಲ್ಲಿ ಬರೆಯುತ್ತಿದ್ದರು?
2. ಆರ್ಥಿಕ ವರ್ಷವು ಯಾವ ದಿನ ಆರಂಭವಾಗುತ್ತದೆ?
3. ವಹಿವಾಟಿಗೂ ಲಾಭಕ್ಕೂ ಇರುವ ವ್ಯತ್ಯಾಸವೇನು?

ಆ) ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕಡತವನ್ನು ಸಿದ್ಧಪಡಿಸುವ ಕ್ರಮವನ್ನು ವಿವರಿಸಿರಿ.
2. ಸಂಸಾರದ ಹಣವನ್ನೂ ಉದ್ಯಮದ ಹಣವನ್ನೂ ಬೇರೆ ಮಾಡಬೇಕು, ಏಕೆ?
3. “ಪ್ರಾಮಾಣಿಕನಾಗಿದ್ದರೆ ಸಾಲದು, ಪ್ರಾಮಾಣಿಕತೆಗೆ ಆಧಾರವೂ ಬೇಕು.” ಈ ಮಾತನ್ನು 2025ರ ಘಟನೆಯ ಹಿನ್ನೆಲೆಯಲ್ಲಿ ಚರ್ಚಿಸಿರಿ.

ಇ) ಮಾಡಿ ನೋಡಿರಿ.
ನಿಮ್ಮ ಮನೆಯ ಒಂದು ವಾರದ ಜಮಾಖರ್ಚನ್ನು ಹಿರಿಯರ ಸಹಾಯದಿಂದ ಕಿರ್ದಿಯ ರೂಪದಲ್ಲಿ ಬರೆಯಿರಿ. ಪ್ರತಿದಿನ ಸಂಜೆ ಶಿಲ್ಕನ್ನು ಎಣಿಸಿ ತಾಳೆ ನೋಡಿರಿ.